ಅರ್ಜೆಂಟ್ ಮಾಸ್ಟರ್ ಉಸಿರಾಡಲು ಕಲಿತದ್ದು

ನಮ್ಮ ಭಾವನ ಟೈಲರ್ ಅಂಗಡಿಗೆ ಬೋರ್ಡಿನ ಮೇಲೆ ಬೇರೆಯೇ ಹೆಸರಿದೆ. ಊರವರ ಬಾಯಲ್ಲಿ ಮಾತ್ರ ಅವರು ‘ಅರ್ಜೆಂಟ್ ಮಾಸ್ಟರ್’. ಬೆಳಿಗ್ಗೆ ಬಟ್ಟೆ ಕೊಟ್ಟರೆ ಸಂಜೆಗೆ ಪ್ಯಾಂಟು ತಯಾರು. ಊಟ ಐದು ನಿಮಿಷ, ಸ್ನಾನ ಮೂರು. ಅಕ್ಕ ಇದಕ್ಕೆ ತದ್ವಿರುದ್ಧ. ಗುಂಡಿ ತೂರಿಸುವ ಒಂದು ಕಾಜಾ ಹೊಲಿಯಲು ಕೂತರೆ ಅರ್ಧ ದಿನ ಬೇಕು. “ನಿನ್ನ ನಂಬಿದ್ರೆ ಮದುಮಗ ಗುಂಡಿ ಇಲ್ಲದ ಕೋಟಲ್ಲೇ ಮದುವೆ ಆಗ್ಬೇಕು” ಎಂದು ಭಾವ ಮೂವತ್ತೊಂದು ವರ್ಷದಿಂದ ಗೇಲಿ ಮಾಡುತ್ತ ಬಂದಿದ್ದರು.

ಅರವತ್ತರ ಹೊಸ್ತಿಲಲ್ಲಿ ಒಂದು ದಿನ ಅಂಗಡಿಯ ಮೆಟ್ಟಿಲು ಹತ್ತುತ್ತ ಎದೆ ಹಿಡಿದುಕೊಂಡು ಕೂತುಬಿಟ್ಟರು. ಹೃದಯದ ಮೂರು ರಕ್ತನಾಳ ಕಟ್ಟಿಕೊಂಡಿದ್ದವು. ಎದೆ ತೆರೆದು ಬೈಪಾಸ್ ಮಾಡಿದರು. ಪ್ರಜ್ಞೆ ಬಂದು ಗಂಟಲಿನ ನಳಿಕೆ ತೆಗೆದ ಮೇಲೆ ಭಾವ ಕೇಳಿದ ಮೊದಲ ಪ್ರಶ್ನೆ: “ಡಾಕ್ಟ್ರೇ, ಒಳಗೆ ಯಾವ ದಾರ ಹಾಕಿದೀರಿ?”

“ಎದೆ ಮೂಳೆಗೆ ಸ್ಟೀಲ್ ತಂತಿ. ಬಿಚ್ಚಲ್ಲ ಬಿಡಿ.”

ಭಾವ ತಲೆಯಾಡಿಸಿದರು, ನಂಬಲಿಲ್ಲ. ಬಿಚ್ಚಿದ ಹೊಲಿಗೆಗಳನ್ನೇ ನೋಡುತ್ತ ಬಂದವರಿಗೆ ಇನ್ನೊಬ್ಬರ ಕೈಕೆಲಸದ ಮೇಲೆ ಭರವಸೆ ಎಲ್ಲಿಂದ ಬರಬೇಕು? ಬಂದ ಕೆಮ್ಮನ್ನು ಹಲ್ಲು ಕಚ್ಚಿ ತಡೆದರು. ಉಸಿರನ್ನು ಗಂಟಲಿನಿಂದ ಕೆಳಗೆ ಇಳಿಸಲೇ ಇಲ್ಲ.

ಮರುದಿನ ಫಿಸಿಯೋಥೆರಪಿಯ ಹುಡುಗಿ ಬಂದು ಮೂರು ಚೆಂಡುಗಳಿರುವ ಪ್ಲಾಸ್ಟಿಕ್ ಸಾಧನವೊಂದನ್ನು ಕೈಗಿಟ್ಟಳು. “ಇದರಲ್ಲಿ ನಿಧಾನಕ್ಕೆ ಗಾಳಿ ಎಳ್ಕೊಳ್ಳಿ ಅಂಕಲ್, ಚೆಂಡು ಮೇಲೇಳ್ಬೇಕು. ಗಂಟೆಗೆ ಹತ್ತು ಸಲ” ಎಂದಳು. ಅವಳು ಪಕ್ಕದ ಮಂಚದವರನ್ನು ನೋಡಿ ಬರುವಷ್ಟರಲ್ಲಿ ಭಾವ ಕಣ್ಣು ಕತ್ತಲಿಟ್ಟು ದಿಂಬಿಗೆ ಒರಗಿದ್ದರು.

“ಎಷ್ಟು ಸಲ ಮಾಡಿದ್ರಿ?”

“ನಲವತ್ತು. ಸಂಜೆವರೆಗಿನ ಲೆಕ್ಕ ಈಗ್ಲೇ ಮುಗಿಸಿಬಿಡೋಣ ಅಂತ.”

“ಇದೇನು ಪ್ಯಾಂಟಾ ಅಂಕಲ್, ಮೊದಲೇ ಹೊಲಿದಿಡೋಕೆ?”

ಕೆಮ್ಮುವಾಗ ದಿಂಬನ್ನು ಎದೆಗೆ ಅವಚಿಕೊಳ್ಳಬೇಕೆಂದೂ ಅವಳು ತೋರಿಸಿಕೊಟ್ಟಳು. ಭಾವ ದಿಂಬು ಅವಚಿಕೊಂಡು ಕೆಮ್ಮಿದಂತೆ ನಟಿಸಿದರು. ಕಫ ಒಳಗೇ ಉಳಿಯಿತು. ಸಂಜೆ ಜ್ವರ ಕಾಣಿಸಿತು. ಆಗ ಅಕ್ಕನ ಕೈ ಹಿಡಿದು ಸಣ್ಣ ದನಿಯಲ್ಲಿ, “ಬಿಚ್ಚಿಹೋದ್ರೆ ಏನೇ ಮಾಡೋದು?” ಎಂದರು. ಮಂಚದ ಪಕ್ಕ ನಿಂತಿದ್ದ ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಅಕ್ಕ ದಿಂಬಿನ ಮೇಲೆ ತನ್ನ ಎರಡೂ ಅಂಗೈ ಊರಿದಳು. “ನಾನೂ ಹಿಡ್ಕೊಂಡಿದೀನಿ. ಕೆಮ್ಮಿ.”

ಕೆಮ್ಮಿದರು. ನೋವಿಗೆ ಕಣ್ಣಲ್ಲಿ ನೀರು ಬಂತು, ಕಫವೂ ಬಂತು. ಹೊಲಿಗೆ ಇದ್ದಲ್ಲೇ ಇತ್ತು. ಔಷಧಿಯೂ ಸೇರಿ ಎರಡು ದಿನದಲ್ಲಿ ಜ್ವರ ಇಳಿಯಿತು.

ಮನೆಗೆ ಬಂದ ಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು ಮೂಗಿನಿಂದ ಉಸಿರೆಳೆದು, ತುಟಿ ಕಿರಿದು ಮಾಡಿ ಮೆಲ್ಲಗೆ ಬಿಡುವ ಪಾಠ. ನಾಲ್ಕು ಎಣಿಸುತ್ತ ಎಳೆಯಬೇಕು, ಆರು ಎಣಿಸುತ್ತ ಬಿಡಬೇಕು. ಭಾವನ ಬಾಯಲ್ಲಿ ಒಂದರಿಂದ ಆರರವರೆಗೂ ಒಂದೇ ಪದ. ಕೊನೆಗೆ ಎಣಿಕೆ ಅಕ್ಕನ ಪಾಲಿಗೆ ಬಂತು. ಅವಳು ‘ಒಂದು’ ಎಂದು ‘ಎರಡು’ ಎನ್ನುವುದರೊಳಗೆ ಒಲೆಯ ಮೇಲಿನ ಹಾಲಿನ ಕಡೆಗೂ ಒಮ್ಮೆ ನೋಡಿ ಬರುತ್ತಿದ್ದಳು.

“ಬೇಗ ಹೇಳೇ, ಜೀವ ಹೋಗುತ್ತೆ.”

“ಹೋಗಲ್ಲ. ಇಷ್ಟು ವರ್ಷ ನಿಮ್ಮ ಜೊತೆ ಓಡಿದ್ರೂ ನಂದೇ ಹೋಗಿಲ್ಲ.”

ಆಮೇಲೆ ಕಾಲ್ಬೆರಳಿನಿಂದ ಹಿಡಿದು ಒಂದೊಂದೇ ಅಂಗವನ್ನು ಸಡಿಲ ಬಿಡುವುದು. ಪಾದ ಬೇಗ ಒಪ್ಪಿತು. ಭುಜಗಳು ಮಾತ್ರ ವರ್ಷಗಟ್ಟಲೆ ಮಿಷಿನ್ನಿನ ಮೇಲೆ ಬಗ್ಗಿ ಬಗ್ಗಿ ಕಿವಿಯ ಹತ್ತಿರವೇ ಮನೆ ಮಾಡಿದ್ದವು. ಹನ್ನೊಂದನೆಯ ದಿನ ಅಕ್ಕ ಎಣಿಕೆಯ ನಡುವೆ “ಭುಜ ಇಳಿಸಿ” ಎಂದರೆ ಉತ್ತರವಾಗಿ ಗೊರಕೆ ಬಂತು. ಮನೆಯಲ್ಲಿ ಹಗಲು ಹೊತ್ತಿನಲ್ಲಿ ಗಂಡ ನಿದ್ದೆ ಹೋದದ್ದನ್ನು ಅವಳು ನೋಡಿದ್ದು ಅದೇ ಮೊದಲು. ನಾನು ಒಳಗೆ ಬಂದಾಗಲೂ ಮೆಲ್ಲಗೆ ಎಣಿಸುತ್ತಲೇ ಇದ್ದಳು.

“ಇನ್ನೂ ಯಾಕಕ್ಕ?”

“ನಿಲ್ಲಿಸಿದ್ರೆ ಎದ್ದುಬಿಡ್ತಾರೇನೋ ಅಂತ ಕಣೋ.”

ಎರಡು ತಿಂಗಳ ಮೇಲೆ, ಅರ್ಧ ದಿನ ಮಾತ್ರ ಅಂಗಡಿಗೆ ಹೋಗಬಹುದೆಂದು ವೈದ್ಯರು ಒಪ್ಪಿದರು. ಈಗ ದಿನಾ ಹನ್ನೊಂದೂವರೆಗೆ ಭಾವ ಅಂಗಡಿಯಲ್ಲೇ ಕುರ್ಚಿಗೆ ಒರಗುತ್ತಾರೆ, ಅಕ್ಕ ಎಣಿಸುತ್ತಾಳೆ. ಮೊನ್ನೆ ನಾನು ಹೋದಾಗ ಭಾವ ಕಣ್ಣು ಮುಚ್ಚಿದ್ದರು. ಅಳತೆ ಕೊಡಲು ಬಂದು ಬೆಂಚಿನ ಮೇಲೆ ಕಾಯುತ್ತಿದ್ದ ಗಿರಾಕಿಯೂ ಬಾಯಿ ತೆರೆದು ನಿದ್ದೆ ಹೋಗಿದ್ದರು. ಅಕ್ಕ ನನ್ನ ಕಡೆ ನೋಡಿ, ತುಟಿಯ ಮೇಲೆ ಬೆರಳಿಟ್ಟಳು.