ಕೋಣೆಯಲ್ಲಿಲ್ಲದವರ ಪಾಲು

ಚಳಿಗಾಲದಲ್ಲಿ ಹೊರಗಿನಿಂದ ಆಫೀಸಿನೊಳಗೆ ಕಾಲಿಟ್ಟ ಕೂಡಲೇ ಅವರು ಎರಡು ಬೆರಳಲ್ಲಿ ಮೂಗುತಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು. ಗೋಥೆನ್‌ಬರ್ಗಿನ ಗಾಳಿಗೆ ಆ ಪುಟ್ಟ ಹರಳು ತಣ್ಣಗಾಗಿ ಮೂಗನ್ನೇ ಕೊರೆಯುತ್ತಿತ್ತಂತೆ. "ತೆಗೆದಿಡಬಾರ್ದಾ?" ಎಂದು ಕೇಳಿದರೆ, "ಆಗಂಗಿಲ್ಲವಾ, ಅದು ಪರ್ಮನೆಂಟ್ ಎಂಪ್ಲಾಯಿ" ಎನ್ನುತ್ತಿದ್ದರು.

ಅವರು ಹುಬ್ಬಳ್ಳಿ ಕಡೆಯವರು. ಕಾರಿನ ಬಿಡಿಭಾಗ ತಯಾರಿಸುವ ನಮ್ಮ ಕಂಪನಿಯಲ್ಲಿ ಯಾರಿಗೆ ಎಷ್ಟು ಸಂಬಳ, ಯಾವ ಸವಲತ್ತು ಎಂದು ರೂಪಿಸುವ ವಿಭಾಗದ ಮುಖ್ಯಸ್ಥೆ. ನಾನು ಅವರ ಕೈಕೆಳಗಿನವಳು. ಸ್ವೀಡನ್ನಿನಲ್ಲಿ ಬಾಸನ್ನೂ ಹೆಸರು ಹಿಡಿದೇ ಕರೆಯಬೇಕು. ಬಸವನಗುಡಿಯಲ್ಲಿ ಬೆಳೆದ ನನ್ನ ನಾಲಿಗೆ ಅದಕ್ಕೆ ಸುತರಾಂ ಒಪ್ಪಲಿಲ್ಲ. ಕೊನೆಗೆ 'ಬಾಸಮ್ಮ' ಎಂಬಲ್ಲಿಗೆ ರಾಜಿಯಾಯಿತು. ಕನ್ನಡ ಸಂಘದ ಹಬ್ಬಗಳಲ್ಲಿ ಅವರು ಎಲ್ಲರಂತೆ ನಯವಾಗಿ ಮಾತಾಡುತ್ತಿದ್ದರು. ನಾವಿಬ್ಬರೇ ಇದ್ದಾಗ, ಅದರಲ್ಲೂ ಸಿಟ್ಟು ಬಂದಾಗ, ಪೂರ್ತಿ ಹುಬ್ಬಳ್ಳಿ.

ಅವರ ಒಂದು ಅಭ್ಯಾಸ ಮಾತ್ರ ನಮ್ಮ ಜನಕ್ಕೆ ಹಿಡಿಸುತ್ತಿರಲಿಲ್ಲ. ತಮಗೆ ಬೇಕಾದವರ ಸಂಬಳದ ಮಾತು ಬಂದರೆ ಮೀಟಿಂಗಿನಿಂದ ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಅವರ ಅಕ್ಕನ ಮಗ ನಮ್ಮಲ್ಲೇ ಎಂಜಿನಿಯರ್. ಅವನ ಬಡ್ತಿಯ ಚರ್ಚೆ ನಡೆದಷ್ಟು ಹೊತ್ತೂ ಕಾರಿಡಾರಿನಲ್ಲಿ ಕಾಫಿ ಹಿಡಿದು ನಿಂತಿದ್ದರು. ಬಡ್ತಿ ಸಿಗಲಿಲ್ಲ. "ನಮ್ಮೋರು ಮೇಲಿದ್ದು ಏನ್ ಬಂತು ಭಾಗ್ಯ" ಎಂದು ಎಲ್ಲರೂ ಆಡಿಕೊಂಡರು. ನಾನೇನು ಕಡಿಮೆಯೇ, ನಾನೂ ಆಡಿಕೊಂಡೆ.

ಆಮೇಲೆ ಕಾರಿನ ಮಾರುಕಟ್ಟೆ ಬಿತ್ತು. ಆರ್ಡರುಗಳು ನಿಂತವು. ಯಾರನ್ನೂ ಕೆಲಸದಿಂದ ತೆಗೆಯಬಾರದು ಎಂದಾದರೆ ಸಂಬಳ ಸವಲತ್ತುಗಳಲ್ಲಿ ಏನನ್ನು ಕಡಿತ ಮಾಡಬೇಕು ಎಂಬ ಯೋಜನೆ ಮಾಡುವ ಹೊಣೆ ನಮ್ಮ ವಿಭಾಗದ ತಲೆಗೆ ಬಂತು.

ಅದೇ ತಿಂಗಳು ನಾನು ಬಸುರಿ ಎಂದು ಗೊತ್ತಾಯಿತು. ನನ್ನ ಗಂಡನ ಕೆಲಸ ಆಗತಾನೇ ಹೋಗಿತ್ತು. ಇಲ್ಲಿ ಮಗು ನೋಡಿಕೊಳ್ಳಲು ಮನೆಯಲ್ಲಿ ಉಳಿದರೆ ಸರ್ಕಾರ ಸಂಬಳದ ಒಂದು ಪಾಲು ಕೊಡುತ್ತದೆ. ಅದರ ಮೇಲೆ ನಮ್ಮ ಕಂಪನಿ ತನ್ನದೊಂದಿಷ್ಟು ಸೇರಿಸುತ್ತಿತ್ತು. ಆ ಒಂದಿಷ್ಟು ಇಲ್ಲದಿದ್ದರೆ ಮನೆ ಬಾಡಿಗೆಗೇ ತತ್ವಾರ. ಹಸಿ ಮೈಯಲ್ಲೇ ನಾನು ಕೆಲಸಕ್ಕೆ ಓಡಬೇಕಾಗುತ್ತಿತ್ತು. ಇದನ್ನು ಬಾಸಮ್ಮನಿಗೆ ಹೇಳೋಣವೆಂದರೆ ಅತ್ತೆ ಫೋನಿನಲ್ಲಿ ಕಟ್ಟಪ್ಪಣೆ ಮಾಡಿದ್ದರು: "ಮೂರು ತಿಂಗಳು ತುಂಬೋವರ್ಗೂ ಯಾರ ಹತ್ರಾನೂ ಬಾಯಿ ಬಿಡ್ಬೇಡ. ದೃಷ್ಟಿಯಾಗತ್ತೆ." ನನಗೆ ಇಂಥದ್ದರಲ್ಲಿ ನಂಬಿಕೆ ಇಲ್ಲ. ಆದರೆ ಮೊದಲ ಬಸಿರು, ಯಾರಿಗೆ ಬೇಕು ಪರೀಕ್ಷೆ?

ಯೋಜನೆಯ ಮೀಟಿಂಗಿಗೆ ವಿಭಾಗಗಳ ಮುಖ್ಯಸ್ಥರೆಲ್ಲ ಸೇರಿದರು. ಎಲ್ಲರ ಮಕ್ಕಳೂ ದೊಡ್ಡವರಾಗಿದ್ದರು. ಒಬ್ಬರು ಬೋನಸ್ ಮುಟ್ಟಬೇಡಿ ಎಂದರು, ಇನ್ನೊಬ್ಬರು ಕಂಪನಿ ಕಾರು ಬಿಡಲಾರೆ ಎಂದರು. ಮಗುವಿನ ರಜೆಗೆ ಸೇರಿಸಿ ಕೊಡುವ ಹಣದ ಸರದಿ ಬಂದಾಗ ಹಣಕಾಸಿನವರು, "ಈ ವರ್ಷ ಅದನ್ನು ಯಾರೂ ಕೇಳಿಯೇ ಇಲ್ಲವಲ್ಲ" ಎಂದರು. ಎಲ್ಲರೂ ತಲೆಯಾಡಿಸಿದರು. ಪರದೆಯ ಮೇಲೆ ಪುಟ ತಿರುಗಿಸುತ್ತಾ ಕೂತಿದ್ದ ನನಗೆ ಈಗ ಹೇಳಿಬಿಡಲೇ ಅನ್ನಿಸಿತು. ಅತ್ತೆಯ ಮಾತು ನೆನಪಾಗಿ ಮತ್ತೆ ಪರದೆಯತ್ತಲೇ ತಿರುಗಿದೆ.

ಬಾಸಮ್ಮ ಕನ್ನಡಕ ತೆಗೆದಿಟ್ಟು ಸ್ವೀಡಿಷಿನಲ್ಲಿ ನಿಧಾನವಾಗಿ ಹೇಳಿದರು. "ಇಷ್ಟು ಜನ ಇರುವ ಕಂಪನಿಯಲ್ಲಿ ಇವತ್ತೇ ಯಾರೋ ಒಬ್ಬಳು ಬಸುರಿ ಇರುತ್ತಾಳೆ. ಹೇಳುವ ಕಾಲ ಬಂದಿರುವುದಿಲ್ಲ, ಅಷ್ಟೇ. ಇಲ್ಲಿ ಕೂತವರು ನಮ್ಮನಮ್ಮದನ್ನು ಉಳಿಸಿಕೊಂಡೆವು. ಈ ಕೋಣೆಗೆ ಬಂದು ಕೇಳಲಾರದವರದ್ದನ್ನು ಕಡೆಗೆ ಮುಟ್ಟಬೇಕು, ಮೊದಲಲ್ಲ."

"ಹಾಗಾದರೆ ದುಡ್ಡು ಎಲ್ಲಿಂದ ತರೋಣ?" ಎಂದರು ಹಣಕಾಸಿನವರು.

"ನನ್ನ ಕಾರಿನಿಂದ ಶುರು ಮಾಡಿ."

ಸ್ವೀಡನ್ನಿನವರು ಜಗಳ ಆಡುವುದಿಲ್ಲ, ಸುಮ್ಮನಾಗುತ್ತಾರೆ. ಆ ಮೌನವನ್ನು ತಡೆದುಕೊಳ್ಳಲು ಗುಂಡಿಗೆ ಬೇಕು. ಬಾಸಮ್ಮ ತಡೆದುಕೊಂಡರು. ಕೊನೆಗೆ ಮುಖ್ಯಸ್ಥರ ಕಾರು, ಬೋನಸ್ ಹೋದವು. ಎಲ್ಲರ ಸಂಬಳ ಏರಿಕೆ ಒಂದು ವರ್ಷ ನಿಂತಿತು. ಯಾರ ಕೆಲಸವೂ ಹೋಗಲಿಲ್ಲ, ಮಗುವಿನ ಹಣವೂ ಉಳಿಯಿತು. ಕಾರು ಕಳೆದುಕೊಂಡ ಬಾಸಮ್ಮ ಮರುವಾರ ಮಳೆಯಲ್ಲಿ ತೊಯ್ದು ಟ್ರಾಮಿನಲ್ಲಿ ಬಂದರು. "ನನ್ನ ಬಾಯೇ ನನಗ ವೈರಿ ನೋಡವಾ" ಎಂದು ದಿನವೆಲ್ಲ ಗೊಣಗಿದರು.

ಅವರಿಗೆ ನನ್ನ ಗುಟ್ಟು ಗೊತ್ತಾಗಿದೆ ಎಂದೇ ನಾನು ತಿಳಿದಿದ್ದೆ. ಕಾಫಿ ವಾಸನೆಗೆ ನಾನು ಮೂಗು ಮುಚ್ಚಿಕೊಂಡು ಓಡುವುದನ್ನು ಹೆಂಗಸಾದವರು ಗಮನಿಸದೆ ಇರುತ್ತಾರೆಯೇ? ಮೂರು ತಿಂಗಳು ತುಂಬಿದ ಮೇಲೆ ಫಿಕಾ ಹೊತ್ತಿನಲ್ಲಿ, ಅಂದರೆ ಇಲ್ಲಿನವರು ಕಾಫಿ ತಿಂಡಿಗೆ ಕೂರುವ ಹೊತ್ತಿನಲ್ಲಿ, ಅವರಿಗೆ ಹೇಳಿದೆ. ಮುಖ ಅರಳಿತು. ನಾನು ಕೇಳಿಯೇಬಿಟ್ಟೆ.

"ಅವತ್ತು ನನಗೋಸ್ಕರ ತಾನೇ ಅಷ್ಟು ವಾದ ಮಾಡಿದ್ದು?"

"ಇಲ್ಲವಾ. ಖರೇನ ನನಗ ಗೊತ್ತಿದ್ದಿಲ್ಲ."

"ಗೊತ್ತಿದ್ದಿದ್ರೆ?"

"ಎದ್ದು ಹೊರಗ ಹೋಗ್ತಿದ್ದೆ."

ನನಗೆ ಮೈಯೆಲ್ಲ ಉರಿಯಿತು. "ಎಂಥಾ ಕಲ್ಲು ಮನಸ್ಸು ರೀ ನಿಮ್ದು! ನಾನೇನು ಬೇರೆಯವಳಾ?"

"ಬ್ಯಾರೆ ಅಲ್ಲ, ಅದಕ್ಕ. ದಿನಾ ನನ್ನ ಜೋಡಿ ಕೂತು ಉಣ್ಣಾಕಿ ನೀ. ನಿನ್ನ ಸಲುವಾಗಿ ಕೇಳಾಕ ನನಗ ಹೆಂಗ ಬಾಯಿ ಬರಬೇಕು? ಬೈಯಬೇಕಂದ್ರ ಬೈದುಬಿಡು. ಬಸುರಿ ಹೆಣ್ಣುಮಗಳು, ಮನಸಿನ್ಯಾಗ ಇಟ್ಕೋಬ್ಯಾಡ."

ಮರುದಿನ ನನ್ನ ಮೇಜಿನ ಮೇಲೆ ಡಬ್ಬಿ ತುಂಬ ಶೇಂಗಾ ಹೋಳಿಗೆ. ಸಿಟ್ಟಿನಲ್ಲೇ ತಿಂದೆ. ಮನೆಗೆ ಹೋಗುವಾಗ ಟ್ರಾಮಿನಲ್ಲಿ ಯೋಚಿಸಿದಾಗ ಹೊಳೆಯಿತು. ಅತ್ತೆಯ ಮಾತು ಮೀರಿ ಮೊದಲೇ ಹೇಳಿದ್ದರೆ ಆ ದಿನ ನಮ್ಮ ಪರವಾಗಿ ಮಾತಾಡಲು ಅಲ್ಲಿ ಯಾರೂ ಇರುತ್ತಿರಲಿಲ್ಲ.

ಮಗಳು ಹುಟ್ಟಿದಳು. ಅವಳು ಮೊದಲು ಮಗುಚಿದ್ದು, ಅಂಬೆಗಾಲಿಟ್ಟಿದ್ದು, ಹಲ್ಲು ಬಂದಿದ್ದು, ಎಲ್ಲವನ್ನೂ ಮನೆಯಲ್ಲಿದ್ದು ಕಣ್ತುಂಬ ನೋಡಿದೆ. ಈಗ ಅವಳು ಶಾಲೆಗೆ ಹೋಗುತ್ತಾಳೆ, ಕನ್ನಡದಲ್ಲಿ ಕೇಳಿದರೆ ಸ್ವೀಡಿಷಿನಲ್ಲಿ ಉತ್ತರ ಕೊಡುತ್ತಾಳೆ.

ಬಾಸಮ್ಮ ಹೋದ ವರ್ಷ ಕಾಯಿಲೆಯಿಂದ ತೀರಿಕೊಂಡರು. ಕನ್ನಡ ಸಂಘದವರು ಏರ್ಪಡಿಸಿದ್ದ ಸಭೆಗೆ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಒಬ್ಬೊಬ್ಬರೇ ಎದ್ದು ಅವರ ನೆನಪು ಹೇಳಿದರು. ನಾನು ಮಗಳ ಕೈ ಹಿಡಿದು ಕೂತೇ ಇದ್ದೆ. ಪಕ್ಕದಲ್ಲಿ ಕೂತಿದ್ದ, ಊರಿಗೆ ಹೊಸಬಳಾದ ಹುಡುಗಿಯೊಬ್ಬಳು ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು.

"ನಿಮ್ಗೆ ಏನಾಗ್ಬೇಕಿತ್ತು ಅವ್ರು?"

"ಏನೂ ಆಗ್ಬೇಕಿರ್ಲಿಲ್ಲಮ್ಮ, ಸದ್ಯ. ಆಗ್ಬೇಕಿದ್ದಿದ್ರೆ ಅವತ್ತು ಎದ್ದು ಹೊರಗೆ ಹೋಗಿಬಿಡ್ತಿದ್ರು" ಎಂದೆ. ಅಷ್ಟು ಹೇಳುವುದರೊಳಗೆ ಅಳು ಬಂದುಬಿಟ್ಟಿತು.