ಕಸ್ತೂರಿಬಾಯಿಯವರ ಎಡಗೈ ಗಿಟಾರ್

2005ರಲ್ಲಿ ನಾನು ಹೈದರಾಬಾದಿನ ಮಾದಾಪುರದ ವಾದ್ಯಗಳ ಅಂಗಡಿಯೊಂದರಲ್ಲಿ ಗಿಟಾರ್ ಟೆಕ್ನಿಷಿಯನ್ ಆಗಿದ್ದೆ. ತಂತಿಗಳನ್ನು ಸರಿಯಾದ ಎತ್ತರಕ್ಕೆ ತಂದು, ಶ್ರುತಿ ನಿಲ್ಲುವಂತೆ ಮಾಡಿ, ವಾದ್ಯವನ್ನು ಗಿರಾಕಿಯ ಕೈಗೆ ಹೊಂದಿಸುವುದು ನನ್ನ ಕೆಲಸ. ಇದಕ್ಕೆ ಸೆಟಪ್ ಎನ್ನುತ್ತೇವೆ. ಸುತ್ತಲೂ ಸಾಫ್ಟ್‌ವೇರ್ ಕಚೇರಿಗಳು ಏಳುತ್ತಿದ್ದ ಕಾಲ ಅದು. ಶನಿವಾರ ಬಂತೆಂದರೆ ಕೊರಳಲ್ಲಿ ಐಡಿ ಕಾರ್ಡ್ ತೂಗುಬಿಟ್ಟ ಎಂಜಿನಿಯರುಗಳು ಗೋಡೆಯ ಮೇಲೆ ಹೆಚ್ಚು ಹೊಳೆಯುವ ಎಲೆಕ್ಟ್ರಿಕ್ ಗಿಟಾರನ್ನೇ ಕೇಳುತ್ತಿದ್ದರು. ಮಾಲೀಕರಿಗೆ ಬೇಕಿದ್ದದ್ದೂ ಅದೇ.

ಅಂಥ ಒಂದು ಶನಿವಾರ ಮಧ್ಯಾಹ್ನ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದರು. ಮಗನಿಗೋ ಎಂದು ಮಾಲೀಕರು ಹಿಂದಿಯಲ್ಲಿ ಕೇಳಿದರು.

“ಮೇರೇಕುಚ್ ಹೋನಾ,” ಎಂದರು ಆಕೆ. ನನಗೇ ಬೇಕು.

ನಾಲ್ಕು ಗಿಟಾರುಗಳನ್ನು ತೊಡೆಯ ಮೇಲಿಟ್ಟು ನೋಡಿದರು. “ಒಂದೂ ಒಗ್ಗವಲ್ದು,” ಎಂದು ತಮ್ಮಷ್ಟಕ್ಕೆ ಗೊಣಗಿದ್ದು ಕೇಳಿಸಿತು. ನಾನು ಕಲಬುರಗಿಯವನು, ಕನ್ನಡ ಕಿವಿಗೆ ಬಿದ್ದದ್ದೇ ಹತ್ತಿರ ಹೋದೆ. ಅವರು ಕಸ್ತೂರಿಬಾಯಿ, ಬಸವಕಲ್ಯಾಣದ ಕಡೆಯವರು. ಬಾಲಾನಗರದ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುವ ನೌಕರಿ. ನಾಲ್ಕು ತಿಂಗಳಿಂದ ತಾರ್ನಾಕದಲ್ಲಿ ಗಿಟಾರ್ ಕ್ಲಾಸಿಗೆ ಹೋಗುತ್ತಿದ್ದರು. ನಿಮಗೆ ತಾಳ ನಿಲ್ಲುವುದಿಲ್ಲ, ವಯಸ್ಸಾಯಿತು ಎಂದು ಅಲ್ಲಿನ ಮೇಷ್ಟ್ರು ಕೈ ಚೆಲ್ಲಿದ್ದರಂತೆ.

ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಬಲಗೈಯಿಂದ ಮೀಟುವವರು ಗಿಟಾರಿನ ಕತ್ತನ್ನು ಎಡಕ್ಕೆ ಹಿಡಿಯುತ್ತಾರೆ. ಇವರ ಕೈಗೆ ಬಂದಾಗ ಮಾತ್ರ ಪ್ರತಿ ಸಲ ಅದು ಮೊದಲು ಬಲಕ್ಕೆ ಹೋಗುತ್ತಿತ್ತು. ಮರುಕ್ಷಣ ತಪ್ಪು ಮಾಡಿದವರಂತೆ ತಿರುಗಿಸಿಕೊಳ್ಳುತ್ತಿದ್ದರು.

“ಅಕ್ಕಾರ, ಯಾವ ಕೈಲೆ ಬರೀತೀರಿ?”

“ಬಲಗೈಲೆ.”

“ಸೂಜಿ ಹಿಡಿಯೋದು?”

“ಎಡಗೈಲೆ. ಮೊದಲ ಬರಿಯೋದೂ ಎಡಗೈಲೇ ಇತ್ತು ತಮ್ಮಾ. ಸಾಲ್ಯಾಗ ಮಾಸ್ತರು ಕೈ ಕಟ್ಟಿ ಬಿಡಿಸಿದ್ರು. ಉಣ್ಣೋದು ಮನ್ಯಾಗ ಬಿಡಿಸಿದ್ರು.”

ಎಡಗೈ ಗಿಟಾರ್ ನಮ್ಮಲ್ಲಿ ಇರಲಿಲ್ಲ. ಮಾಲೀಕರು ನಕ್ಕು, ಎಲ್ಲರಂತೆ ‘ಸೀಧೇ ಹಾಥ್’ನಿಂದ ಕಲಿಯಿರಿ ಎಂದರು. ಇಲ್ಲಿಯ ಮಾತಿನಲ್ಲಿ ಬಲಗೈ ಎಂದರೆ ನೆಟ್ಟಗಿನ ಕೈ. ಕಸ್ತೂರಿಬಾಯಿ ಗಿಟಾರನ್ನು ಕೌಂಟರ್ ಮೇಲಿಟ್ಟು ನನ್ನ ಕಡೆ ತಿರುಗಿದರು.

“ಎಲ್ಲಾ ಬಿಟ್ಟುಕೊಟ್ಟೀನಿ. ಇದೊಂದು ಕೊಡಂಗಿಲ್ಲ.”

ಬಲಗೈ ಗಿಟಾರನ್ನೇ ತಿರುಗಿಸಿ ಕಟ್ಟಿಕೊಡುತ್ತೇನೆ, ಮಂಗಳವಾರ ಬನ್ನಿ ಎಂದೆ. ಅವರು ಹೋದ ಮೇಲೆ ಮಾಲೀಕರು ರೇಗಿದರು. ಕೊಯ್ದ ಗಿಟಾರನ್ನು ಬೇರೆಯವರು ಮುಟ್ಟುವುದಿಲ್ಲ. ಆಕೆ ಬೇಡವೆಂದರೆ ಬುಧವಾರದಿಂದ ನೀನೂ ಬರಬೇಡ ಎಂದರು. ಈ ಮಾತನ್ನು ನಾನು ಕಸ್ತೂರಿಬಾಯಿಗೆ ತಿಳಿಸಲಿಲ್ಲ. ನನ್ನ ಮೇಲಿನ ಕನಿಕರಕ್ಕೆ ಅವರು ಹೂಂ ಅನ್ನುವುದು ನನಗೆ ಬೇಕಿರಲಿಲ್ಲ.

ಕತ್ತಿನ ಬುಡದಲ್ಲಿ ಎರಡೂ ಕಡೆ ಸಮನಾಗಿ ತಗ್ಗು ಇರುವ, ಹಗುರವಾದ ಎಲೆಕ್ಟ್ರಿಕ್ ಗಿಟಾರ್ ಆರಿಸಿದೆ. ತಂತಿಗಳನ್ನು ಬರೀ ಅದಲುಬದಲು ಮಾಡಿದರೆ ಸಾಲದು. ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಸೀಳುಪಟ್ಟಿಗೆ ನಟ್ ಎನ್ನುತ್ತೇವೆ. ದಪ್ಪ ತಂತಿಗೆ ಅಗಲ ಸೀಳು, ಸಣ್ಣದಕ್ಕೆ ಕಿರಿದು. ಅದನ್ನು ಮೂಳೆಯಲ್ಲಿ ಹೊಸದಾಗಿ ಕೆತ್ತಿದೆ. ಹೆಗಲಪಟ್ಟಿ ಸಿಕ್ಕಿಸುವ ಗುಬಟನ್ನು ಕತ್ತಿನ ಆಚೆಬದಿಯ ಕೊಂಬಿಗೆ ಸರಿಸಿದೆ. ತೀರ ತೆಳುವಾದ ತಂತಿಗಳನ್ನು ಹಾಕಿ, ಕತ್ತಿನ ಮೇಲಿನ ಹನ್ನೆರಡನೆಯ ಮನೆ, ಅಂದರೆ ಫ್ರೆಟ್, ಮೇಲೆ ಅವುಗಳ ಎತ್ತರವನ್ನು ಒಂದೂವರೆ ಮಿಲಿಮೀಟರಿಗೆ ಇಳಿಸಿದೆ.

ಮಂಗಳವಾರ ಸಂಜೆ ಅವರು ಕಾರ್ಖಾನೆಯಿಂದ ನೇರ ಬಂದರು. ಈಗ ವಾಲ್ಯೂಮ್ ಗುಂಡಿಗಳು ಮೇಲ್ಗಡೆ ಬಂದಿದ್ದವು.

“ಗುಂಡಿ ಕೈಗೆ ಬಡೀತಾವ್ರಿ,” ಎಂದು ಎಚ್ಚರಿಸಿದೆ.

“ಬಡೀಲಿ.”

ನಾಲ್ಕು ತಿಂಗಳು ಎಡಗೈ ಬೆರಳು ಕಲಿತದ್ದನ್ನು ಬಲಗೈ ಮೊದಲಿಂದ ಕಲಿಯಬೇಕಿತ್ತು. ಬೆರಳುಗಳು ತಡಕಾಡಿದವು, ಒಂದೆರಡು ತಂತಿ ಗೊರಗೊರ ಎಂದವು. ಆದರೆ ಮೀಟುವ ಎಡಗೈ ತಡಕಾಡಲಿಲ್ಲ. ಒಂದೇ ಸ್ವರಗುಚ್ಛ, ಮತ್ತೆ ಮತ್ತೆ. ಪೆಟ್ಟು ಒಂದೂ ತಪ್ಪಲಿಲ್ಲ. ಅಂಗಡಿಯಲ್ಲಿದ್ದ ಎಂಜಿನಿಯರುಗಳು ತಿರುಗಿ ನೋಡಿದರು. ಆಕೆ ಯಾರನ್ನೂ ನೋಡಲಿಲ್ಲ.

“ಆವಾಜ್ ಏರಸು ತಮ್ಮಾ,” ಎಂದರು. ಏರಿಸಿದೆ. “ಇನ್ನಷ್ಟು.”

ಗಾಜಿನ ಬಾಗಿಲು ನಡುಗಿತು. ಅಂದೇ ಅದನ್ನು ಕೊಂಡು, ಹೆಗಲಿಗೇರಿಸಿ ಬಸ್ ಸ್ಟಾಪಿನ ಕಡೆ ನಡೆದರು.

ಮಾಲೀಕರು, ಇನ್ನೊಮ್ಮೆ ಹೀಗೆ ಗಿಟಾರ್ ಕೊಯ್ಯಬೇಡ ಎಂದರು. ಎಡಗೈಯವರು ಬಂದರೆ ಮತ್ತೆ ಕೊಯ್ಯುತ್ತೇನೆ ಎಂದೆ. ಆ ಅಂಗಡಿಯಲ್ಲಿ ಇನ್ನೂ ಆರು ವರ್ಷ ಇದ್ದೆ. ಹನ್ನೊಂದು ಗಿಟಾರುಗಳನ್ನು ತಿರುಗಿಸಿಕೊಟ್ಟೆ.

ಅಂದಿನಿಂದ ಗಿರಾಕಿಗೆ ಯಾವ ಬ್ರ್ಯಾಂಡ್, ಯಾವ ಬಣ್ಣ ಎಂದು ನಾನು ಮೊದಲು ಕೇಳಿದ್ದಿಲ್ಲ. ಗಿಟಾರನ್ನು ಸುಮ್ಮನೆ ಕೈಗೆ ಕೊಟ್ಟು ನೋಡುತ್ತೇನೆ. ಒಗ್ಗದಿದ್ದರೆ ತಪ್ಪು ಗಿಟಾರಿನದು. ಒಂದು ನಟ್ ಕೆತ್ತಲು ನನಗೆ ಅರ್ಧ ದಿನ ಸಾಕು. ಕಸ್ತೂರಿಬಾಯಿಯ ಕೈ ಕೆತ್ತಲು ಹೋದವರು ನಲವತ್ತು ವರ್ಷದಲ್ಲೂ ಗೆಲ್ಲಲಿಲ್ಲ.