ಶಾಜಿಲಿ ಬರೆದ ಗೋಡೆ

ಎಸ್ನಾ ಸೀಮೆಯಿಂದ ಹಜ್ ಯಾತ್ರೆಗೆ ಹೋದವರ ವಿಮಾನಗಳೆಲ್ಲ ತನ್ನ ಕುಂಚದಿಂದಲೇ ಮೇಲೆದ್ದದ್ದು ಎಂದು ಶಾಜಿಲಿ ಮುದುಕ ಕೊಚ್ಚಿಕೊಳ್ಳುತ್ತಿದ್ದ. ಹಜ್‌ಗೆ ಹೋದವರ ಮನೆಗೋಡೆಯ ಮೇಲೆ ಅವರ ಯಾತ್ರೆಯ ಚಿತ್ರ ಬರೆಯುವುದು ಅವನ ಕಸುಬು. ಅವನು ಬರೆದ ಒಂಟೆಗೆ ಊರ ಕತ್ತೆಗಳು ದಾರಿ ಬಿಡುತ್ತಿದ್ದವಂತೆ. ಬರೆದ ಹಡಗಿನ ಗಾಳಿಗೆ ಎದುರುಮನೆಯವರಿಗೆಲ್ಲ ನೆಗಡಿಯಾಗಿತ್ತಂತೆ.

"ನನ್ನ ಕೈಗುಣ ಗೊತ್ತಿಲ್ಲದವನು ಈಜಿಪ್ಟಿನಲ್ಲಿ ಇನ್ನೂ ಹುಟ್ಟಿಲ್ಲ!"

ಒಂದು ಗೋಡೆಯ ಸುದ್ದಿ ಮಾತ್ರ ಅವನು ಎತ್ತುತ್ತಿರಲಿಲ್ಲ. ಹೆಂಡತಿ ಜನ್ನೂಬಾ ಹಜ್‌ಗೆ ಹೊರಟ ವರ್ಷ ತನ್ನ ಮನೆಯ ಗೋಡೆಗೇ ಕೈಹಾಕಿದ. ಹೋಗುವುದನ್ನು ಬರೆ, ಬರುವುದನ್ನು ದೇವರಿಗೆ ಬಿಡು ಎಂಬುದು ಅವನಿಗೆ ಕಸುಬು ಕಲಿಸಿದವರ ಕಟ್ಟಳೆ. ಹಿಗ್ಗಿನಲ್ಲಿ ಅದನ್ನು ಮೀರಿ, ಅವಳು ತಿರುಗಿ ಬಂದು ಬಾಗಿಲಲ್ಲಿ ನಿಂತದ್ದನ್ನೂ ಬರೆದುಬಿಟ್ಟ. ಬಣ್ಣ ಒಣಗುವ ಮೊದಲೇ ಸುದ್ದಿ ಬಂತು: ಬಿಸಿಲಿಗೆ ಕುಸಿದುಬಿದ್ದಳು, ಅಲ್ಲೇ ಮಣ್ಣು ಮಾಡಿದರು. ನಲವತ್ತನೆಯ ದಿನ ಅವನು ಗೋಡೆಗೆ ಸುಣ್ಣ ಬಳಿದ. ಅವಳದೆಂದು ಇದ್ದ ಒಂದೇ ಫೋಟೊ ಪಾಸ್‌ಪೋರ್ಟಿನ ಜೊತೆ ಹೋಗಿತ್ತು. ಸುಣ್ಣದಡಿ ಅವಳ ಮುಖವೂ ಹೋಯಿತು.

ಅಜ್ಜಿಯ ಹೆಸರನ್ನೇ ಹೊತ್ತ ಮೊಮ್ಮಗಳು ಜನ್ನೂಬಾ ಈಗ ಕೈರೋದಲ್ಲಿ ಚಿತ್ರಕಲೆ ಓದುತ್ತಿದ್ದಳು. 'ನಾನು ಯಾರು' ಎಂಬುದನ್ನು ಚಿತ್ರದಲ್ಲಿ ಹೇಳಬೇಕು, ಸ್ಫೂರ್ತಿ ಬೇಕಿದ್ದರೆ ಗ್ಯಾಲರಿ ಸುತ್ತಿ ಬನ್ನಿ ಎಂದಿದ್ದರು ಮೇಷ್ಟ್ರು. ಕಣ್ಣಿನ ಪೊರೆ ತೆಗೆಸಿಕೊಂಡು ಅವಳ ಕೋಣೆಯಲ್ಲಿದ್ದ ತಾತನನ್ನೂ ಎಳೆದುಕೊಂಡು ಹೊರಟಳು.

"ಹೆಸರು ಅಜ್ಜೀದು. ಮುಖ ಯಾರದು ಅಂತ ನಂಗೇ ಗೊತ್ತಿಲ್ಲ ತಾತ. ಇನ್ನೊಂದ್ಸಲ ಅವಳನ್ನ ಬರ್ದುಕೊಡೋ."

"ಅವಳ ವಿಷ್ಯಕ್ಕೆ ಕೈ ಏಳಲ್ಲ ಮಗಳೇ."

ಮೊದಲ ಗ್ಯಾಲರಿಯಲ್ಲಿ ಬಾಗಿಲಿನಷ್ಟು ದೊಡ್ಡ ಚಿತ್ರ, ಪೂರ್ತಿ ನೀಲಿ. ಶಾಜಿಲಿ ತಲೆ ಕೆರೆದುಕೊಂಡ. "ಪಾಪ, ಆಕಾಶ ಬಳಿದು ವಿಮಾನ ಮರ್ತಿದ್ದಾನೆ!"

ಎರಡನೆಯದರಲ್ಲಿ ಹಳೆಯ ಹಳ್ಳಿಗೋಡೆಗಳ ಫೋಟೊಗಳು. ಮೂಲೆಯ ಒಂದರ ಮುಂದೆ ಅವನು ಗಾಜಿಗೆ ಮೂಗು ತಾಗುವಷ್ಟು ಬಗ್ಗಿದ. ಹಡಗು, ವಿಮಾನ, ಕೊನೆಗೆ ಬಾಗಿಲಲ್ಲಿ ಒಬ್ಬ ಹೆಂಗಸು. ಗಲ್ಲದ ಮೇಲೆ ಹಚ್ಚೆ, ಈಗಷ್ಟೇ ಯಾರನ್ನೋ ಬೈದವಳಂತೆ ಒಂದು ಹುಬ್ಬು ಮೇಲೆ. ಆ ನಲವತ್ತು ದಿನಗಳಲ್ಲಿ ಯಾವನೋ ದಾರಿಹೋಕ ತೆಗೆದಿದ್ದ. ಕೆಳಗಿನ ಚೀಟಿ ಹೇಳುತ್ತಿತ್ತು: 'ಹಜ್‌ನಿಂದ ಮರಳಿದವಳು. ಚಿತ್ರ ಬರೆದವರು ಗೊತ್ತಿಲ್ಲ.'

"ಇವಳೇ," ಎಂದ.

ಮೊಮ್ಮಗಳು ಫೋಟೊದ ಗಾಜಿನಲ್ಲಿ ಕಂಡ ತನ್ನ ಹುಬ್ಬನ್ನು ಮುಟ್ಟಿಕೊಂಡಳು. ಅತ್ತಳೋ ಏನೋ, ಅವನು ಅತ್ತ ನೋಡಲಿಲ್ಲ. ನೋಡಿದ್ದರೆ ನೈಲ್ ನದಿಗೆ ಇನ್ನೊಂದು ಪ್ರವಾಹ ಬರುತ್ತಿತ್ತು. ಕಣ್ಣೊರೆಸಿಕೊಂಡು ಅವಳು ಗ್ಯಾಲರಿಯಾಕೆಯ ಹತ್ತಿರ ಹೋಗಿ ಒಂದು ಪ್ರತಿ ಕೊಡಿ, ಬರೆದವರು ನಮ್ಮ ತಾತ ಎಂದಳು. ಆಕೆ ಮುದುಕನನ್ನು ಮೇಲಿಂದ ಕೆಳಗೆ ನೋಡಿದಳು.

"ನಮ್ದು ಅಂತ ವಾರಕ್ಕಿಬ್ರು ಬರ್ತಾರೆ ಹಾಜಿ. ವಿಮಾನ ಯಾವ ಗೋಡೇಲಿಲ್ಲ ಹೇಳಿ?"

"ಹಾಜಿ ಅನ್ಬೇಡಮ್ಮ, ನಾನು ಗೋಡೆವರೆಗೆ ಹೋದವನು ಅಷ್ಟೇ."

"ನೀವೇ ಬರೆದಿದ್ರೆ ಒಂದ್ ಕೆಲ್ಸ ಮಾಡಿ. ಯಾತ್ರೆ ಮುಗಿಸಿ ಇಷ್ಟು ಚೆನ್ನಾಗಿ ಬಂದು ನಿಂತಿದಾರಲ್ಲ, ಇವರನ್ನೇ ಕರ್ಕೊಂಡು ಬನ್ನಿ. ಹತ್ತು ಪ್ರತಿ ಕೊಡ್ತೀನಿ."

ಶಾಜಿಲಿ ಫೋಟೊದಿಂದ ಕಣ್ಣು ಕೀಳಲಿಲ್ಲ.

"ಅವಳು ಬರ್ಲೇ ಇಲ್ಲಮ್ಮ, ಅಲ್ಲೇ ಮಣ್ಣಾದಳು. ಬಾರದವಳನ್ನ ಬಂದ್ಳು ಅಂತ ಇಷ್ಟು ಚೆಂದ ಸುಳ್ಳು ಬರೆಯೋಕೆ ಕಟ್ಟಿಕೊಂಡ ಗಂಡನಿಗಲ್ಲದೆ ಇನ್ಯಾವನಿಗಮ್ಮ ಬರುತ್ತೆ?"